ಪೇಟೆಗೆ ಹೋದ ಮಣ್ಣಿನ ಸಾರ

ಮುಂಗಾರಿನ ಮೊದಲ ಮಳೆಗಳು ಬಿದ್ದು ಹಾಸನದ ಸೀಮೆಯ ಕೆಮ್ಮಣ್ಣು ಹದಕ್ಕೆ ಬರುವ ಮೇ ತಿಂಗಳಿನಲ್ಲಿ, ಪಂಜಾಬಿನ ಜಲಂಧರದಿಂದ ಹೊರಟ ಬಿತ್ತನೆ ಆಲೂಗೆಡ್ಡೆಯ ಲಾರಿಗಳು ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸಿ ಹಾಸನದ ಎ.ಪಿ.ಎಂ.ಸಿ. ಅಂಗಳದಲ್ಲಿ ಬಂದು ನಿಲ್ಲುವುದನ್ನೂ, ದುದ್ದ, ಶಾಂತಿಗ್ರಾಮಗಳ ಕಡೆಯ ರೈತರು ಚೀಲ ಬಿಚ್ಚಿಸಿ, ಗಡ್ಡೆಯ ಕಣ್ಣನ್ನು ನೋಡಿ, ಹಿಸುಕಿ ನೋಡಿ, ಚೌಕಾಸಿ ಮಾಡಿ ಕೊಂಡೊಯ್ಯುವುದನ್ನೂ ಈ ಜಿಲ್ಲೆಯವರೆಲ್ಲ ಬಲ್ಲರು. ಊರಿಗೆ ಬಂದ ಗಡ್ಡೆಯನ್ನು ಜಗಲಿಯ ಮೇಲೆ ಸುರಿದುಕೊಂಡು ಹೆಂಗಸರು ಕುಡುಗೋಲಿನಿಂದ ಹೋಳು ಮಾಡುತ್ತಾರೆ. ಪ್ರತಿಯೊಂದು ಹೋಳಿನಲ್ಲಿಯೂ ಒಂದೆರಡು ಕಣ್ಣು ಉಳಿಯುವಂತೆ ಕೈ ತಾನಾಗಿಯೇ ತಿರುಗುತ್ತದೆ. ಕೊಯ್ದ ಮುಖಕ್ಕೆ ಔಷಧದ ಪುಡಿ ಸವರಿ ನೆರಳಿನಲ್ಲಿ ಆರಹಾಕುತ್ತಾರೆ. ಅಂಗಮಾರಿ ತಗುಲದೆ ಮಳೆ ಕೈಕೊಡದೆ ಇದ್ದರೆ, ಮೂರು ತಿಂಗಳ ಆಸುಪಾಸಿನಲ್ಲಿ ಸಾಲುಗಳನ್ನು ಅಗೆದು, ಮಣ್ಣುದುರಿಸಿ, ಚೀಲ ತುಂಬಿ, ಅದೇ ಹಾದಿಯಲ್ಲಿ ಮತ್ತೆ ಮಂಡಿಗೆ ಕಳುಹಿಸುತ್ತಾರೆ.

ಹೀಗೆ ಮಂಡಿಗೆ ಹೊರಟ ಹತ್ತು ಟನ್ನಿನ ಒಂದು ಲಾರಿಯಲ್ಲಿ ನಿಜವಾಗಿ ಏನೇನು ಊರು ಬಿಟ್ಟು ಹೋಗುತ್ತದೆ ಎಂಬುದು ದಲ್ಲಾಳಿಯ ಚೀಟಿಯಲ್ಲಿ ಬರೆದಿರುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಅದು ದುದ್ದದ ಮಳೆಯ ನೀರು, ಇಲ್ಲವೆ ಅಲ್ಲಿಯ ಕೊಳವೆಬಾವಿಯ ನೀರು. ಮಿಕ್ಕದ್ದರಲ್ಲಿ ಬಹುಭಾಗ ಸೂರ್ಯನ ಬೆಳಕು ಪಿಷ್ಟವಾಗಿ ಪರಿಣಮಿಸಿದ್ದು. ಇವುಗಳೊಡನೆ, ಸ್ಥೂಲವಾಗಿ ಲೆಕ್ಕ ಹಾಕಿದರೆ, 30 ಕಿಲೋ ಸಾರಜನಕ, 40 ಕಿಲೋ ಪೊಟ್ಯಾಸಿಯಂ, 5 ಕಿಲೋ ರಂಜಕ ಆ ಒಂದು ಲಾರಿಯಲ್ಲಿ ಹೊಲವನ್ನು ತೊರೆದು ಪೇಟೆಯನ್ನು ಸೇರುತ್ತವೆ. ಮಳೆ ಮರುವರ್ಷ ಬರುತ್ತದೆ, ಬಿಸಿಲಿಗೆ ಬರವಿಲ್ಲ. ಆದರೆ ಮಣ್ಣಿನಿಂದ ಗಡ್ಡೆ ಹೀರಿಕೊಂಡ ಈ ಖನಿಜಾಂಶಗಳು ಯಾರಾದರೂ ತಂದು ಹಾಕಿದ ಹೊರತು ಹಿಂದಿರುಗಲಾರವು. ಇಂದು ಅವನ್ನು ತಂದು ಹಾಕುತ್ತಿರುವುದು ಗೊಬ್ಬರದ ಅಂಗಡಿ. ಯೂರಿಯಾ ಬರುವುದು ಮಂಗಳೂರಿನ ಪಣಂಬೂರಿನಂಥ ಕಾರ್ಖಾನೆಗಳಿಂದ. ಮೊದಲು ಅಲ್ಲಿ ನಾಫ್ತಾದಿಂದ ತಯಾರಾಗುತ್ತಿದ್ದ ಆ ಗೊಬ್ಬರ, ಕೊಚ್ಚಿಯಿಂದ ಮಂಗಳೂರಿಗೆ ಕೊಳವೆಮಾರ್ಗ 2021ರಲ್ಲಿ ಉದ್ಘಾಟನೆಯಾದ ಮೇಲೆ ನೈಸರ್ಗಿಕ ಅನಿಲದಿಂದ ತಯಾರಾಗುತ್ತಿದೆ. ಪೊಟ್ಯಾಷ್ ಗೊಬ್ಬರವಾದರೋ ಹೆಚ್ಚುಕಡಿಮೆ ಪೂರ್ತಿಯಾಗಿ ಹಡಗಿನಲ್ಲಿ ಪರದೇಶದಿಂದ ಬರತಕ್ಕದ್ದು. ಹಾಗಾದರೆ ಲಾರಿಯಲ್ಲಿ ಹೋದ ಆ ಸಾರ ಎಲ್ಲಿ ಹೋಯಿತು? ಅದನ್ನು ಉಂಡವರ ಪೇಟೆಯಲ್ಲಿ, ಅವರ ಶೌಚಾಲಯದ ಕೊಳವೆಯಲ್ಲಿ, ಮನೆಬಾಗಿಲಿನ ಕಸದ ಡಬ್ಬಿಯಲ್ಲಿ, ಕಡೆಗೆ ಯಾವುದೋ ಕೆರೆಯ ಹಸುರು ಪಾಚಿಯಲ್ಲಿ ಅದು ಇದೆ. ನಾಶವಾಗಿಲ್ಲ, ತಪ್ಪಿದ ಜಾಗದಲ್ಲಿ ಸೇರಿಕೊಂಡಿದೆ, ಅಷ್ಟೆ.

ನಗರವೂ ಒಂದು ಜೀವಿಯಂತೆ ಉಂಡು, ಉಸಿರಾಡಿ, ವಿಸರ್ಜಿಸುತ್ತದೆಂಬ ಈ ವಿಚಾರವನ್ನು ಅಂಕಿಗಳಲ್ಲಿ ಕೂರಿಸಿ ಜಗತ್ತಿನ ಮುಂದಿಟ್ಟವನು ಅಮೆರಿಕದ ನೈರ್ಮಲ್ಯ ಶಾಸ್ತ್ರಜ್ಞ ಏಬಲ್ ವೋಲ್ಮನ್. ಹತ್ತು ಲಕ್ಷ ಜನರ ಒಂದು ಅಮೆರಿಕನ್ ನಗರವನ್ನು ಕಲ್ಪಿಸಿಕೊಂಡು 1965ರಲ್ಲಿ ಆತ ಮಾಡಿದ ಲೆಕ್ಕದ ಪ್ರಕಾರ, ಆ ಊರಿಗೆ ದಿನವೊಂದಕ್ಕೆ 6,25,000 ಟನ್ ನೀರು, 9,500 ಟನ್ ಇಂಧನ, 2,000 ಟನ್ ಆಹಾರ ಒಳಕ್ಕೆ ಬರುತ್ತಿತ್ತು. 5,00,000 ಟನ್ ಕೊಳಚೆ ನೀರು, 2,000 ಟನ್ ಕಸ, 950 ಟನ್ ವಾಯುಮಾಲಿನ್ಯ ಹೊರಕ್ಕೆ ಹೋಗುತ್ತಿತ್ತು. ವೋಲ್ಮನ್ನನ ಅನಂತರ ಈ ಅಧ್ಯಯನ ‘ನಗರ ಚಯಾಪಚಯ’ವೆಂಬ ಶಾಸ್ತ್ರವಾಗಿಯೇ ಬೆಳೆಯಿತು. ಈ ಲೆಕ್ಕದಲ್ಲಿ ನಾವು ಮನಸ್ಸಿಟ್ಟು ನೋಡಬೇಕಾದದ್ದು ಅಂಕಿಗಳ ದೊಡ್ಡತನವನ್ನಲ್ಲ. ಕಾಡಿನಲ್ಲಿ ಉದುರಿದ ಎಲೆ ಬಿದ್ದ ಜಾಗದಲ್ಲಿಯೇ ಕೊಳೆತು ಅದೇ ಮರದ ಬೇರಿಗೆ ಅನ್ನವಾಗುತ್ತದೆ. ನಗರದಲ್ಲಿ ಮಾತ್ರ ಪದಾರ್ಥಗಳು ಒಂದು ಬಾಗಿಲಿನಿಂದ ಬಂದು ಇನ್ನೊಂದು ಬಾಗಿಲಿನಿಂದ ಹೊರಟು ಹಿಂದಿರುಗಿ ನೋಡದೆ ಹೋಗುತ್ತವೆ. ಒಂದು ಊರು ಎಷ್ಟು ಕಾಲ ಬಾಳೀತೆಂಬುದನ್ನು ನಿರ್ಣಯಿಸುವುದು ಅದು ಎಷ್ಟು ಉಣ್ಣುತ್ತದೆ ಎಂಬುದಕ್ಕಿಂತ, ಉಂಡದ್ದರಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದು.

ಬೆಂಗಳೂರಿನಂಥ ಮಹಾನಗರದಲ್ಲಿ ಈ ಪ್ರವಾಹಗಳನ್ನು ಬಿಡಿಸಿ ನೋಡುವುದು ದುಸ್ತರ. ಸುಮಾರು ಒಂದೂವರೆ ಲಕ್ಷ ಜನರ ಹಾಸನವಾದರೆ ಅಷ್ಟು ಕಠಿಣವಲ್ಲ. ನಗರದ ನೀರು ಬರುವುದು ಎರಡು ನದಿಗಳಿಂದ: ಬೇಲೂರಿನ ಬಳಿ ಅಣೆಕಟ್ಟಿಗೆ ಸಿಕ್ಕಿದ ಯಗಚಿಯಿಂದಲೂ, ಗೊರೂರಿನ ಹೇಮಾವತಿಯಿಂದಲೂ. ಸಹ್ಯಾದ್ರಿಯ ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿ ಹುಟ್ಟಿ, ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸಕಲೇಶಪುರದ ಕಾಡು ತೋಟಗಳ ನೀರನ್ನೆಲ್ಲ ಕೂಡಿಸಿಕೊಂಡು ಬರುವ ಹೇಮಾವತಿಯನ್ನು ಗೊರೂರಿನಲ್ಲಿ ತಡೆದು ಸುಮಾರು 37 ಟಿ.ಎಂ.ಸಿ. ಅಡಿ ನೀರು ನಿಲ್ಲಿಸಿದ್ದು 1979ರ ಸುಮಾರಿಗೆ. ಆಗ ಅನೇಕ ಹಳ್ಳಿಗಳು ನೀರಿನ ಪಾಲಾದವು. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿ ಇಂದಿಗೂ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುತ್ತದೆಂದು ಪ್ರವಾಸಿಗರು ನೋಡಲು ಹೋಗುತ್ತಾರೆ. ಆದರೆ ಅದೇ ನೀರಿನ ಕೆಳಗೆ ಗದ್ದೆ ಮನೆಗಳನ್ನು ಬಿಟ್ಟುಬಂದ ಸಂಸಾರಗಳ ನೆನಪನ್ನು ನಲ್ಲಿ ತಿರುಗಿಸುವವರು ಮಾಡಿಕೊಳ್ಳುವುದು ಅಪೂರ್ವ. ಪೇಟೆಯ ಪ್ರತಿಯೊಂದು ಅನುಕೂಲದ ಹಿಂದೆಯೂ ಎಲ್ಲಿಯೋ ಒಂದು ಹಳ್ಳಿಯ ತ್ಯಾಗವಿರುತ್ತದೆಂಬುದು ಈ ಲೆಕ್ಕ ಕಲಿಸುವ ಮೊದಲನೆಯ ಪಾಠ.

ಹಾಸನದ ಪಾಲು ಈ ನದಿಯಲ್ಲಿ ಅಲ್ಪವೇ. ಅಣೆಕಟ್ಟಿನ ಎಡದಂಡೆಯ ಕಾಲುವೆ ಚನ್ನರಾಯಪಟ್ಟಣದ ಸೀಮೆಗೆ ಹೋಗಿ, ಅಲ್ಲಿ ಬಾಗೂರು–ನವಿಲೆ ಸುರಂಗವನ್ನು ಹೊಕ್ಕು ಹೊರಬಿದ್ದು, ತುಮಕೂರಿನವರ ಕುಡಿಯುವ ನೀರಾಗುತ್ತದೆ. ಅಣೆಕಟ್ಟಿನಿಂದ ಹೊಳೆಗೆ ಬಿಟ್ಟ ನೀರು ಹೊಳೆನರಸೀಪುರವನ್ನು ಹಾದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡಿ, ಅದರ ಒಂದಂಶ ಕಡೆಗೆ ತೊರೆಕಾಡನಹಳ್ಳಿಯ ಪಂಪುಗಳನ್ನು ತಲುಪಿ ಬೆಂಗಳೂರಿಗೆ ಏರುತ್ತದೆ. ಕಾವೇರಿಯ ನೀರು ಮೊದಲ ಬಾರಿಗೆ ರಾಜಧಾನಿಗೆ ಬಂದದ್ದು 1974ರಲ್ಲಿ. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪು ಮಾಡಿ ಈ ನೀರನ್ನು ಏರಿಸಬೇಕು. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಒಯ್ಯಲು ಯಂತ್ರಗಳ ನಷ್ಟವನ್ನೂ ಸೇರಿಸಿದರೆ ಎರಡು ಯೂನಿಟ್ಟಿನಷ್ಟು ವಿದ್ಯುತ್ತು ಬೇಕಾಗುತ್ತದೆ. ಒಂದು ಸಂಸಾರ ದಿನಕ್ಕೆ ಐನೂರು ಲೀಟರ್ ಬಳಸಿದರೆ, ನಲ್ಲಿ ತಿರುಗಿಸಿದ ಮಾತ್ರಕ್ಕೆ ದಿನವೂ ಒಂದು ಯೂನಿಟ್ ಖರ್ಚಾಯಿತೆಂದು ತಿಳಿಯಬೇಕು. ಆ ಮನೆಯ ಮೀಟರಿನಲ್ಲಿ ಅದು ಕಾಣುವುದಿಲ್ಲ, ಜಲಮಂಡಳಿಯ ಬಿಲ್ಲಿನಲ್ಲಿ ಕಾಣುತ್ತದೆ. ನೀರೆಂದರೆ ಬರಿಯ ನೀರಲ್ಲ. ಅದು ದಾರಿಯುದ್ದಕ್ಕೂ ವಿದ್ಯುತ್ತನ್ನು ಕುಡಿದುಕೊಂಡು ಬರುತ್ತದೆ. ಸಕಲೇಶಪುರದ ಹಳ್ಳಗಳ ಸುಮಾರು 24 ಟಿ.ಎಂ.ಸಿ. ಅಡಿ ನೀರನ್ನೆತ್ತಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಹರಿಸಬೇಕೆಂಬ, 2024ರ ಸೆಪ್ಟೆಂಬರಿನಲ್ಲಿ ಮೊದಲನೆಯ ಹಂತಕ್ಕೆ ಚಾಲನೆ ಪಡೆದ, ಎತ್ತಿನಹೊಳೆ ಯೋಜನೆಗೂ ಈ ಮಾತು ಅನ್ವಯಿಸುತ್ತದೆ.

ಈ ವಿದ್ಯುತ್ತು ಎಲ್ಲಿಯದು? ಹಾಸನದ ಮನೆಗಳಿಗೆ ದೀಪ ಕೊಡುವುದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವಾದರೂ, ಅದರ ತಂತಿಗೆ ಶಕ್ತಿ ಬರುವುದು ರಾಜ್ಯದ ನಾನಾ ಮೂಲೆಗಳಿಂದ. ಅವುಗಳಲ್ಲೊಂದು ಎಳೆಯನ್ನು ಹಿಡಿದು ಹೋದರೆ, ಉಡುಪಿ ಜಿಲ್ಲೆಯ ನಂದಿಕೂರಿನ ಸಮೀಪದ 1,200 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರದಿಂದ 400 ಕಿಲೋವೋಲ್ಟಿನ ತಂತಿ ಘಟ್ಟವನ್ನೇರಿ ಹಾಸನದ ಪಕ್ಕದ ಶಾಂತಿಗ್ರಾಮಕ್ಕೆ ಬಂದಿಳಿಯುತ್ತದೆ. ಆ ಸ್ಥಾವರ ಉರಿಸುವ ಕಲ್ಲಿದ್ದಲು ನವಮಂಗಳೂರು ಬಂದರಿಗೆ ಹಡಗಿನಲ್ಲಿ ಪರದೇಶದಿಂದ ಬಂದದ್ದು. ಅದೇ ಮಂಗಳೂರಿನಿಂದ ಪೆಟ್ರೋಲು, ಡೀಸೆಲ್ಲುಗಳನ್ನು ಹೊತ್ತು ಹಾಸನದ ಮೂಲಕ ಬೆಂಗಳೂರಿಗೆ ಹೋಗುವ, ಸುಮಾರು 360 ಕಿಲೋಮೀಟರ್ ಉದ್ದದ ನೆಲದಡಿಯ ಕೊಳವೆ 2003ರಲ್ಲಿ ಕೆಲಸಕ್ಕೆ ತೊಡಗಿತು. ಅನಂತರ ಅಡುಗೆ ಅನಿಲದ ಕೊಳವೆಯೂ ಅದೇ ದಿಕ್ಕಿನಲ್ಲಿ ಹಾದು ಬಂದಿತು. ಹಿಂದೆ ಮಲೆನಾಡಿನ ಸೌದೆಯ ಗಾಡಿಗಳು, ಮರದ ಮಿಲ್ಲಿನ ಹೊಟ್ಟಿನ ಚೀಲಗಳು ಎಲ್ಲರ ಕಣ್ಣೆದುರಿಗೇ ಪೇಟೆಗೆ ಬರುತ್ತಿದ್ದವು. ಕಾಡು ಎಷ್ಟು ದೂರ ಸರಿಯಿತೆಂಬುದು ಸೌದೆಯ ಬೆಲೆಯಿಂದಲೇ ಗೃಹಿಣಿಗೆ ತಿಳಿಯುತ್ತಿತ್ತು. ಈಗ ಪ್ರವಾಹವೆಲ್ಲ ನೆಲದ ಕೆಳಗೆ, ತಂತಿಯ ಒಳಗೆ. ಅಡುಗೆಮನೆಯ ಹೊಗೆ ಹೋದದ್ದು ದೊಡ್ಡ ಪುಣ್ಯವೇ, ಅದರಲ್ಲಿ ಸಂದೇಹವಿಲ್ಲ. ಹೊಗೆಯೊಡನೆ ಲೆಕ್ಕದ ಅರಿವೂ ಹೋದದ್ದು ಮಾತ್ರ ನಷ್ಟ.

ಇಂಧನದ ಪ್ರಶ್ನೆ ಪೇಟೆಗೆ ಮಾತ್ರ ಸೇರಿದ್ದೆಂದು ಭಾವಿಸಬಾರದು. ಅರಕಲಗೂಡಿನ ಕಡೆ, ರಾಮನಾಥಪುರದ ಹರಾಜು ಕಟ್ಟೆಗೆ ಹೋಗುವ ಹೊಗೆಸೊಪ್ಪನ್ನು ಬ್ಯಾರನ್ನುಗಳಲ್ಲಿ ಬೇಯಿಸುವಾಗ ಒಂದು ಕಿಲೋ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಉರಿದುಹೋಗುತ್ತದೆ. ಆ ಸೊಪ್ಪನ್ನು ಸೇದುವವನು ಯಾವುದೋ ದೂರದ ನಗರದವನು. ಮರ ಕಳೆದುಕೊಳ್ಳುವುದು ಈ ಸೀಮೆ. ನಗರದ ಬಾಯಿ ಅದರ ಗಡಿಯಿಂದ ಎಷ್ಟು ಹೊರಕ್ಕೆ ಚಾಚಿಕೊಂಡಿದೆ ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಇನ್ನು ಹೊರಬಾಗಿಲಿನ ಮಾತು. ನಮ್ಮ ಆಹಾರವನ್ನು ಉಂಡ ಒಬ್ಬ ವ್ಯಕ್ತಿಯ ಮಲಮೂತ್ರಗಳಲ್ಲಿ ವರ್ಷಕ್ಕೆ ಎರಡೂವರೆ ಕಿಲೋಗೆ ಕಡಮೆಯಿಲ್ಲದಷ್ಟು ಸಾರಜನಕ ಹೊರಹೋಗುತ್ತದೆ. ಅದರ ಬಹುಪಾಲು ಮೂತ್ರದಲ್ಲಿಯೇ. ಒಂದೂವರೆ ಲಕ್ಷ ಜನರ ಊರಿಗೆ ಇದನ್ನು ಹರಡಿದರೆ ವರ್ಷಕ್ಕೆ 375 ಟನ್ ಆಯಿತು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವುದರಿಂದ ಇದು 800 ಟನ್ನಿಗೂ ಮಿಗಿಲಾದ ಯೂರಿಯಾಕ್ಕೆ ಸಮ. 45 ಕಿಲೋ ಚೀಲದ ಲೆಕ್ಕದಲ್ಲಿ ಸುಮಾರು 18,000 ಚೀಲ. ಇದೆಲ್ಲವನ್ನೂ ಹಿಂದಕ್ಕೆ ಪಡೆಯುವುದು ಸಾಧ್ಯವಿಲ್ಲ, ಗಾಳಿಗೆ ಹೋಗುವುದು ಗಾಳಿಗೆ ಹೋಗಿಯೇ ಹೋಗುತ್ತದೆ. ಆದರೂ ಬಿತ್ತನೆಯ ಕಾಲದಲ್ಲಿ ಯೂರಿಯಾದ ಅಭಾವ ತಲೆದೋರಿ, ದುದ್ದದಂಥ ಹೋಬಳಿಗಳ ರೈತರು ಸೊಸೈಟಿಯ ಮುಂದೆ ಬೆಳಗಿನ ಜಾವದಿಂದ ಸಾಲುಗಟ್ಟಿ ನಿಲ್ಲುವ ದಿನಗಳಲ್ಲಿ, ಸಮೀಪದ ನಗರವೊಂದು ಅದೇ ವಸ್ತುವನ್ನು ಚರಂಡಿಗೆ ಬಿಡುತ್ತಿರುತ್ತದೆ ಎಂಬ ಸಂಗತಿ ಯಾರ ಮನಸ್ಸನ್ನಾದರೂ ಕಲಕಬೇಕು. ಹೊಲದಲ್ಲಿ ಅನ್ನವಾಗುವ ಈ ಸಾರಜನಕ, ರಂಜಕಗಳೇ ಕೆರೆಯಲ್ಲಿ ವಿಷಕ್ಕೆ ಸಮಾನವಾಗುತ್ತವೆ: ಜೊಂಡು, ಅಂತರಗಂಗೆ ಹಬ್ಬಿ, ನೀರಿನ ಪ್ರಾಣವಾಯು ಕುಂದಿ, ಮೀನು ಸತ್ತು ತೇಲುತ್ತದೆ. ನಮ್ಮ ಊರುಗಳ ಅಂಚಿನ ಕೆರೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೆರೆಯ ಮಾತು ಬಂದುದರಿಂದ ಒಂದು ಹಳೆಯ ವ್ಯವಸ್ಥೆಯನ್ನು ನೆನೆಯಬೇಕು. ಹಾಸನಕ್ಕೆ ಸಮೀಪದ ದೊಡ್ಡಗದ್ದವಳ್ಳಿಯಲ್ಲಿ, 1114ರಲ್ಲಿ ವರ್ತಕ ದಂಪತಿಗಳು ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿ ಕೆರೆಯ ಮಗ್ಗುಲಲ್ಲಿ ನಿಂತಿದೆ. ಹೊಯ್ಸಳರ ಈ ನಾಡಿನಲ್ಲಿ ಗುಡಿ, ಕೆರೆ, ಊರು ಒಂದನ್ನೊಂದು ಬಿಟ್ಟು ಇದ್ದದ್ದು ವಿರಳ. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತೂಬಿನ ನೀರನ್ನು ಸರದಿಯಂತೆ ಹಂಚಲು ನೀರುಗಂಟಿ. ನೀರಿಗಷ್ಟೇ ಕೆರೆಯೆಂದು ನಮ್ಮ ಹಿರಿಯರು ತಿಳಿದಿರಲಿಲ್ಲ. ಮಳೆಗೆ ಹೊಲಗಳಿಂದ ಕೊಚ್ಚಿಹೋದ ಮೇಲ್ಮಣ್ಣು ಕೆರೆಯಂಗಳದಲ್ಲಿ ಗೋಡಾಗಿ ನಿಲ್ಲುತ್ತಿತ್ತು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಆ ಗೋಡನ್ನು ಹೊಡೆದು ಮತ್ತೆ ಹೊಲಕ್ಕೆ ಹರಡುತ್ತಿದ್ದರು. ಹೀಗೆ ಕೆರೆಯ ಹೂಳೂ ತೆಗೆದಂತಾಗುತ್ತಿತ್ತು, ಹೊಲದ ಸಾರವೂ ಹೊಲಕ್ಕೆ ಮರಳುತ್ತಿತ್ತು. ಈಗ ಪೇಟೆಯ ಕೊಳಚೆ ಸೇರಿದ ಕೆರೆಯ ಗೋಡನ್ನು ಹೊಲಕ್ಕೆ ಹಾಕಲು ಯಾವ ರೈತನಿಗೂ ಧೈರ್ಯವಿಲ್ಲ. ಅದರಲ್ಲಿ ಗಾಜು, ಪ್ಲಾಸ್ಟಿಕ್ಕು, ಗ್ಯಾರೇಜುಗಳ ಎಣ್ಣೆ, ಬ್ಯಾಟರಿಗಳ ಸೀಸ ಏನೇನಿದೆಯೋ ಎಂಬ ಭಯ. ಭಯ ನ್ಯಾಯವಾದದ್ದೇ.

ಆದರೆ ಗತಕಾಲವನ್ನು ಹೊಗಳುವಾಗ ಎಚ್ಚರವಿರಬೇಕು. ಪೇಟೆಯ ಮಲ ಹಿಂದೆ ಹೊಲಕ್ಕೆ ಹಿಂದಿರುಗುತ್ತಿತ್ತು ನಿಜ. ಅದನ್ನು ತಲೆಯ ಮೇಲೆ ಹೊತ್ತವರು ಯಾರು, ಯಾವ ಜಾತಿಯಲ್ಲಿ ಹುಟ್ಟಿದ ಕಾರಣಕ್ಕಾಗಿ ಹೊತ್ತರು ಎಂಬುದನ್ನು ಮರೆತು ಆ ಚಕ್ರವನ್ನು ಶ್ಲಾಘಿಸುವುದು ಅನ್ಯಾಯ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ಕರ್ನಾಟಕದ ಇತಿಹಾಸದ ಉಜ್ಜ್ವಲ ಕಾರ್ಯಗಳಲ್ಲೊಂದು. ಆ ಚಕ್ರವನ್ನು ಮತ್ತೆ ಕೂಡಿಸುವ ಯಾವ ಪ್ರಯತ್ನವೂ ಮನುಷ್ಯನ ಕೈ ತಾಗದಂತೆ, ಯಂತ್ರದಿಂದ, ಶಾಸ್ತ್ರೋಕ್ತವಾದ ಶುದ್ಧೀಕರಣದಿಂದ ನಡೆಯತಕ್ಕದ್ದು. ಇದು ಷರತ್ತು, ಇದರಲ್ಲಿ ರಾಜಿಗೆ ಎಡೆಯಿಲ್ಲ.

ಶಾಸ್ತ್ರ ನಮ್ಮಲ್ಲಿ ಹೊಸದೇನಲ್ಲ. 1939ರ ಸುಮಾರಿಗೆ ಬೆಂಗಳೂರಿನಲ್ಲಿ ಡಾ. ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿಗಳು, ಒಂದು ಮೀಟರ್ ಆಳದ ಗುಂಡಿಗಳಲ್ಲಿ ಊರ ಕಸವನ್ನೂ ಮಲವನ್ನೂ ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ, ಕೆಲವು ತಿಂಗಳುಗಳಲ್ಲಿ ವಾಸನೆಯಿಲ್ಲದ ಗೊಬ್ಬರವನ್ನು ಪಡೆಯುವ ವಿಧಾನವನ್ನು ರೂಪಿಸಿದರು. ಕೊಳೆಯುವಾಗ ಹುಟ್ಟುವ ತಾಪದಿಂದಲೇ ರೋಗಾಣುಗಳು ನಾಶವಾಗುವುದು ಅದರ ಗುಣ. ‘ಬೆಂಗಳೂರು ಪದ್ಧತಿ’ ಎಂಬ ಹೆಸರಿನಲ್ಲಿಯೇ ಕೃಷಿಶಾಸ್ತ್ರದ ಪುಸ್ತಕಗಳು ಇದನ್ನು ಇಂದಿಗೂ ವರ್ಣಿಸುತ್ತವೆ. 1975ರಲ್ಲಿ ನಗರದ ಕಸವನ್ನು ಗೊಬ್ಬರ ಮಾಡಲೆಂದೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಸ್ಥಾಪಿತವಾಯಿತು. ಹೀಗಿದ್ದೂ ಈ ವಿದ್ಯೆ ಊರೂರಿಗೆ ಹಬ್ಬದಿರುವುದಕ್ಕೆ ಕಾರಣ ವಿದ್ಯೆಯ ದೋಷವಲ್ಲ. ಪ್ಲಾಸ್ಟಿಕ್ಕು ಬಂದು ಕಸದ ಸ್ವರೂಪವೇ ಬದಲಾಯಿತು. ಅಗ್ಗದ ರಸಗೊಬ್ಬರ ಹಳ್ಳಿಯ ಬಾಗಿಲಿಗೆ ಬಂತು. ಕಸ ಕಣ್ಣಿಗೆ ಮರೆಯಾದರೆ ಸಾಕೆಂಬ ಮನೋಧರ್ಮ ಪೇಟೆಯಲ್ಲಿ ಬೇರೂರಿತು.

ಈಚಿನ ಎರಡು ಉದಾಹರಣೆಗಳು ದಾರಿಯನ್ನೂ ದಾರಿಯ ಅಪಾಯವನ್ನೂ ಒಟ್ಟಿಗೆ ತೋರಿಸುತ್ತವೆ. ಒಳಚರಂಡಿಯಿಲ್ಲದ ದೇವನಹಳ್ಳಿಯಲ್ಲಿ 2015ರಲ್ಲಿ, ಮನೆಗಳ ಶೌಚಗುಂಡಿಯ ಹೂಳನ್ನು ಟ್ಯಾಂಕರಿನಲ್ಲಿ ತಂದು ಸಂಸ್ಕರಿಸುವ ಘಟಕ ಆರಂಭವಾಯಿತು. ದೇಶದಲ್ಲಿಯೇ ಇಂಥದ್ದರಲ್ಲಿ ಅದು ಮೊದಲನೆಯದು. ಒಣಗಿದ ಹೂಳನ್ನು ಊರ ಹಸಿ ಕಸದೊಡನೆ ಬೆರೆಸಿ ಗೊಬ್ಬರ ಮಾಡುವುದೂ ಅಲ್ಲಿಯ ಕ್ರಮ. ಎರಡನೆಯದು, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರಿನವರೆಗೆ ಕೋಲಾರದ ಕೆರೆಗಳಿಗೆ ತುಂಬಿಸುವ, 2018ರಲ್ಲಿ ತೊಡಗಿದ ಯೋಜನೆ. ಬತ್ತಿದ ಕೆರೆಗಳಲ್ಲಿ ನೀರು ನಿಂತದ್ದು ಕೋಲಾರದ ರೈತನ ಪಾಲಿಗೆ ಸಣ್ಣ ಮಾತಲ್ಲ. ಆದರೆ ಸಂಸ್ಕರಣೆ ಎರಡನೆಯ ಹಂತಕ್ಕೇ ನಿಂತಿತು, ಮೂರನೆಯ ಹಂತ ಆಗಲಿಲ್ಲವೆಂಬ ಆಕ್ಷೇಪ ಎದ್ದು, ವಿವಾದ ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ಆಕ್ಷೇಪಿಸಿದವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ತಪ್ಪೆಂದು ನನ್ನ ಖಚಿತವಾದ ಅಭಿಪ್ರಾಯ. ಪೇಟೆ ಹಿಂದಿರುಗಿಸುವುದು ಋಣವೇ ಹೊರತು ದಾನವಲ್ಲ. ಆದುದರಿಂದ ಅದರ ಶುದ್ಧಿಯನ್ನು ಪರೀಕ್ಷಿಸಿ ಕೇಳುವ ಹಕ್ಕು ಪಡೆಯುವ ರೈತನಿಗೆ ಪೂರ್ಣವಾಗಿ ಉಂಟು.

ಹಾಸನದ ಪ್ರಮಾಣದ ನಗರಕ್ಕೆ ಈ ಕೆಲಸ ಕೈಗೆಟುಕುವಂಥದ್ದು. 1982ರಿಂದ ಆಕಾಶದ ಉಪಗ್ರಹಗಳನ್ನು ಕ್ಷಣಕ್ಷಣಕ್ಕೂ ಗಮನಿಸಿ ನಿಯಂತ್ರಿಸುತ್ತಿರುವ ಇಸ್ರೋ ಕೇಂದ್ರವಿರುವ ಊರಿನಲ್ಲಿ, ದಿನಕ್ಕೆ ಎಷ್ಟು ನೀರು ಬಂತು, ಎಷ್ಟು ಕೊಳಚೆಯಾಗಿ ಹೋಯಿತು, ಅದರಲ್ಲಿ ಎಷ್ಟು ಸಂಸ್ಕರಣಗೊಂಡಿತು, ಎಷ್ಟು ಹಸಿ ಕಸ ಗೊಬ್ಬರವಾಯಿತು ಎಂಬ ನಾಲ್ಕು ಅಂಕಿಗಳನ್ನು ನಗರಾಡಳಿತದ ಹಲಗೆಯ ಮೇಲೆ ಪ್ರತಿ ತಿಂಗಳೂ ಬರೆದು ಹಾಕುವುದು ಅಶಕ್ಯವೇನಲ್ಲ. ಈ ಲೆಕ್ಕ ಬೇಕೆಂದು ನಾಗರಿಕರು ವಾರ್ಡು ವಾರ್ಡಿನಲ್ಲಿ ಕೇಳಬೇಕು. ತರಕಾರಿ ಸಿಪ್ಪೆ, ಉಳಿದ ಅನ್ನ, ಪೂಜೆಯ ಹೂವುಗಳನ್ನು ಒಡೆದ ಬಳೆ, ಬ್ಲೇಡು, ಔಷಧದ ಸೀಸೆಗಳಿಂದ ಬೇರೆಯಾಗಿ ಪೌರಕಾರ್ಮಿಕರ ಕೈಗೆ ಕೊಡಬೇಕು. ಆ ಒಂದು ಚೂರು ಗಾಜು ಮೊದಲು ಕೊಯ್ಯುವುದು ಅವರ ಬೆರಳನ್ನು, ಆಮೇಲೆ ಆಲೂಗೆಡ್ಡೆಯ ಸಾಲಿನಲ್ಲಿ ಬರಿಗೈಯಿಂದ ಮಣ್ಣು ಕೆದಕುವ ಹೆಣ್ಣುಮಗಳ ಬೆರಳನ್ನು. ಮಂಡಿಗೆ ಗಡ್ಡೆ ಇಳಿಸಿ ಬರಿದಾಗಿ ಹಿಂದಿರುಗುವ ಲಾರಿ, ಟ್ರ್ಯಾಕ್ಟರುಗಳು ದುದ್ದಕ್ಕೆ ಪರೀಕ್ಷೆಯಾದ ಗೊಬ್ಬರವನ್ನು ಹೇರಿಕೊಂಡು ಹೋಗುವಂತೆ ಎ.ಪಿ.ಎಂ.ಸಿ.ಯೂ ನಗರಾಡಳಿತವೂ ಕೂತು ಏರ್ಪಾಡು ಮಾಡಬೇಕು. ಮುಂದಿನ ಮುಂಗಾರಿಗೆ ಜಲಂಧರದ ಲಾರಿಗಳು ಬರುವ ಮೊದಲೇ ಈ ಏರ್ಪಾಡು ಒಂದು ಹೋಬಳಿಯ ಮಟ್ಟಿಗಾದರೂ ಆರಂಭವಾಗಲಿ ಎಂದು ಹಾಸನದ ಓದುಗರಲ್ಲಿ ನನ್ನ ಬಿನ್ನಹ.